ಡ್ರೈವರ್ ಚಾಚಾನ ಗಿಟಾರು, ಗಾರ್ಡ್ ಕಾಕಾನ ಮೀಸೆ

ವಾಡಿ ಜಂಕ್ಷನ್ನಿನ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಬೋರ್ಡಿನ ಮೇಲೆ ‘ರೇಡಿಯೋ’ ಎಂದು ಅಂಗೈಯಗಲದ ಅಕ್ಷರಗಳಲ್ಲಿ ಬರೆಸಿದ್ದೆ. ಆದರೂ ಜನ ಇಸ್ತ್ರಿಪೆಟ್ಟಿಗೆ ತರುತ್ತಿದ್ದರು, ಟಾರ್ಚು ತರುತ್ತಿದ್ದರು. ಒಬ್ಬ ಮಹಾನುಭಾವರು ಮಾತು ನಿಲ್ಲಿಸಿದ ಗಿಳಿಯನ್ನು ಪಂಜರ ಸಮೇತ ತಂದು, “ಧ್ವನಿ ಬರವಲ್ದು, ಸ್ವಲ್ಪ ನೋಡ್ರಿ” ಎಂದಿದ್ದರು. ಊರಿನ ಸಿಮೆಂಟ್ ಫ್ಯಾಕ್ಟರಿಯ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುವ ಹಾಗೆ ಇಂಥ ಕೆಲಸಗಳು ನನ್ನನ್ನು ಹುಡುಕಿಕೊಂಡೇ ಬರುತ್ತವೆ. ಎಲ್ಲ ಹೇಳುತ್ತ ಕೂತರೆ ಮುಗಿಯುವುದಿಲ್ಲ. ಒಂದೇ ಒಂದು ಹಳೆಯ ಗಿಟಾರು ನನಗೆ ತಂದಿಟ್ಟ ಪ್ರಸಂಗಗಳನ್ನಷ್ಟೇ ಹೇಳುತ್ತೇನೆ. ಈಗ ನೆನೆದರೆ ನಗು ಬರುತ್ತದೆ. ಆಗ ಬಂದದ್ದು ಬರೀ ಬೆವರು.

ಸಣ್ಣ ರಿಪೇರಿ

ಡ್ರೈವರ್ ಚಾಚಾ ಗೂಡ್ಸ್ ಗಾಡಿಯ ಡ್ರೈವರು. ಶಹಾಬಾದಿನ ಮುಸಲ್ಮಾನರ ಮನೆತನ, ಕಡ್ಡಿಯಂಥ ಆಳು, ಮಾತು ಜಾಸ್ತಿ. ಗಾರ್ಡ್ ಕಾಕಾ ಅದೇ ಗಾಡಿಯ ಹಿಂದಿನ ಡಬ್ಬಿಯ ಗಾರ್ಡು. ಹಣೆತುಂಬ ವಿಭೂತಿ, ಮಾತು ಕಡಿಮೆ, ಮೀಸೆ ಭಾರಿ. ಆ ಮೀಸೆಗೆಂದೇ ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಹಣಿಗೆ ಇರುತ್ತಿತ್ತು. ಇಬ್ಬರಿಗೂ ಸೇರಿ ಒಂದೇ ಸೈಕಲ್. ಚಾಚಾ ತುಳಿಯುವವರು, ಕಾಕಾ ಕ್ಯಾರಿಯರ್ ಮೇಲೆ ಕೂರುವವರು. ಗಾರ್ಡು ಹಸಿರು ಬಾವುಟ ತೋರಿಸದೆ ಡ್ರೈವರು ಗಾಡಿ ಬಿಡುವಂತಿಲ್ಲವಲ್ಲ, ಆ ರೂಢಿ ಸೈಕಲ್ಲಿಗೂ ಹತ್ತಿತ್ತು. ಚಾಚಾ ಪೆಡಲ್ ಮೇಲೆ ಒಂದು ಕಾಲಿಟ್ಟು ಕಾಯುತ್ತಿದ್ದರು. ಹಿಂದಿನಿಂದ ಕಾಕಾ “ನಡಿ” ಎಂದ ಮೇಲೇ ಸೈಕಲ್ ಕದಲುತ್ತಿತ್ತು.

ಒಂದು ಸಂಜೆ ನನ್ನ ಅಂಗಡಿಯ ಬೆಂಚಿನ ಮೇಲೆ ಚಹಾ ಕುಡಿಯುತ್ತ ಕೂತಾಗ ರೇಡಿಯೋದಲ್ಲಿ ಯಾವುದೋ ಹಾಡಿನ ನಡುವೆ ಗಿಟಾರು ಬಂತು. ಚಾಚಾ ಯಥಾಪ್ರಕಾರ ಶುರುಮಾಡಿದರು.

“ನಾ ಫೈರ್‌ಮನ್ ಆಗಿ ಇಂಜಿನ್ನಿಗಿ ಕಲ್ಲಿದ್ಲಿ ಹಾಕ್ತಿದ್ದಾಗ ಎಲೆಕ್ಟ್ರಿಕ್ ಗಿಟಾರ್ ಬಾರಸ್ತಿದ್ದೆ. ನಮ್ಮ ಆಂಗ್ಲೋ ಇಂಡಿಯನ್ ಡ್ರೈವರ್ ಸಾಹೇಬ್ರು ಕಲಿಸ್ಯಾರ. ಊರ ಬಿಟ್ಟು ಹೋಗುವಾಗ ಗಿಟಾರ್ ನನಗೇ ಕೊಟ್ಟು ಹೋಗ್ಯಾರ.”

ಅಂದು ಡ್ರೈವರು ಗಾರ್ಡುಗಳು ತಂಗುವ ರನ್ನಿಂಗ್ ರೂಮಿನ ಹತ್ತಾರು ಜನ ಸುತ್ತ ನಿಂತಿದ್ದರು. ಕಾಕಾ ಕಪ್ಪು ಕೆಳಗಿಟ್ಟರು. “ಇದನ್ನ ಕೇಳಿ ಕೇಳಿ ನನ್ನ ಕಿವಿ ಸವದಾವ. ಇಷ್ಟ ವರ್ಷ ನಿನ್ನ ಜೋಡಿ ಇದ್ದೀನಿ, ನೀ ಒಂದ ದಿನ ಬಾಯಲೆ ಸೀಟಿ ಹೊಡದಿದ್ದೂ ಕೇಳಿಲ್ಲ. ಸುಳ್ಳ ಎಷ್ಟಂತ ಹೇಳ್ತಿಯೋ ಭಾಯಿ.”

ಎಲ್ಲರೂ ನಕ್ಕರು. ಚಾಚಾ ನಗಲಿಲ್ಲ. ಕಾಕಾನ ಕಡೆ ತಿರುಗಿ ಕೂತರು.

“ಸುಳ್ಳ ಅಂದಿ ಗೌಡಾ? ಆಯ್ತು. ರಿಟೈರ್ ಆಗೂ ದಿನ ನನ್ನ ಸೆಂಡಾಫ್ ಅದ. ಎಲ್ಲರ ಮುಂದ ಬಾರಸ್ತೀನಿ. ಬಾರ್ಸಲಿಲ್ಲ ಅಂದ್ರ, ನಾ ಇಲ್ಲೀತನ ಹೇಳಿದ್ದೆಲ್ಲ ಸುಳ್ಳಂತ ಅದೇ ಮೈಕಿನ್ಯಾಗ ನಾನೇ ಹೇಳ್ತೀನಿ.”

ಕಾಕಾ ಮೀಸೆಯ ಮೇಲೆ ಕೈಯಾಡಿಸಿದರು. “ನೀ ಬಾರ್ಸಿದಿ ಅಂದ್ರ ಮರುದಿನ ಮುಂಜಾನಿ ಇಲ್ಲೇ ಬಾಜೂ ಕಟಿಂಗ್ ಅಂಗಡ್ಯಾಗ ಕುಂತು ಇದನ್ನ ತೆಗಸ್ತೀನಿ.”

ಅಂದು ಇಬ್ಬರೂ ಬೇರೆ ಬೇರೆ ನಡೆದುಕೊಂಡು ಹೋದರು. ಮರುದಿನ ಚಾಚಾ ಒಬ್ಬರೇ ಬಂದರು, ಸೈಕಲ್ ತಳ್ಳಿಕೊಂಡು. ಕ್ಯಾರಿಯರ್ ಮೇಲೆ ಒಂದು ತಗಡಿನ ಟ್ರಂಕು.

“ತಳ್ಳಕೊಂಡು ಬಂದ್ರಲ್ಲ ಚಾಚಾ?”

“ಹವಾ ಕಮ್ಮಿ ಅದ.”

ಟೈರು ಒತ್ತಿ ನೋಡಿದೆ, ಕಲ್ಲಿನ ಹಾಗಿತ್ತು. ಅಷ್ಟರಲ್ಲಿ ಚಾಚಾ ಟ್ರಂಕು ತೆಗೆದರು. ಗಿಟಾರಿನ ಬಣ್ಣ ಹೊಪ್ಪಳೆ ಹೊಪ್ಪಳೆಯಾಗಿ ಎದ್ದಿತ್ತು. ಕುತ್ತಿಗೆ ಬಿಲ್ಲಿನಂತೆ ಬಾಗಿತ್ತು. ತಂತಿಗಳು ತುಕ್ಕು ಹಿಡಿದು ಮುಟ್ಟಿದರೆ ಉದುರುತ್ತಿದ್ದವು. ಸ್ವಿಚ್ಚಿನ ಜಾಗದಲ್ಲಿ ಜಿರಳೆ ಸಂಸಾರ ಹೂಡಿತ್ತು.

“ಸಣ್ಣ ರಿಪೇರಿ ಅದ” ಎಂದರು ಚಾಚಾ.

“ಚಾಚಾ, ಇದರಾಗ ಚಲೋ ಇರೋದು ಯಾವುದು, ಅದನ್ನರ ಹೇಳ್ರಿ.”

ಅವರು ಒಳ್ಳೆಯ ಮನಸ್ಸಿನಿಂದ ಎಲ್ಲವನ್ನೂ ಒಮ್ಮೆ ನೋಡಿದರು. “ಟ್ರಂಕು ಮಜಬೂತ್ ಅದ ನೋಡು.”

ಗಂಡಿನವರ ಭಾರ

ಕುತ್ತಿಗೆ ಸೀದಾ ಆಗದೆ ಮುಂದಿನ ಯಾವ ಕೆಲಸವೂ ಆಗುವಂತಿರಲಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ಕುತ್ತಿಗೆಯನ್ನಷ್ಟೇ ತೆಗೆದುಕೊಂಡು ಚಿತ್ತಾಪುರದ ಬಡಿಗೇರನ ಬಳಿ ಹೋದೆ. ಬಾಗಿಲು, ಬಂಡಿ, ನೊಗ ಮಾಡುವ ಮನುಷ್ಯ. ತಿರುಗಿಸಿ ಮುರುಗಿಸಿ ನೋಡಿದ.

“ಇದಕ್ಯಾಕ ಇಷ್ಟ ಫಿಕರ್ ಮಾಡ್ತೀರಿ. ನೊಗ ಬಾಗಿದ್ರ ಹೆಂಗ ಮಾಡ್ತೀವಿ ಹಂಗ ಮಾಡೋದು. ನೀರಾಗ ತೊಯ್ಸಿದ ಅರಿವಿ ಸುತ್ತಿ ಶಹಾಬಾದ್ ಫರಸಿ ಕಲ್ಲಿನ ಬುಡಕ ಇಡ್ತೀನಿ. ಐತಾರ ಬರ್ರಿ.”

ಭಾನುವಾರ ಹೋದೆ. ಬಡಿಗೇರನ ಅಂಗಳದಲ್ಲಿ ಸಂಭ್ರಮವೋ ಸಂಭ್ರಮ. ಅವನ ಮಗಳನ್ನು ನೋಡಲು ಸೇಡಂ ಕಡೆಯಿಂದ ಗಂಡಿನವರು ಬಂದಿದ್ದರು. ಅಂಗಳದ ನಡುವೆ ಆ ಅಗಲವಾದ ಫರಸಿ ಚಪ್ಪಡಿ ಕಲ್ಲು. ಅದರ ಮೇಲೆ ಜಮಖಾನೆ. ಜಮಖಾನೆಯ ಮೇಲೆ ಗಂಡಿನ ಅಪ್ಪ, ದೊಡ್ಡಪ್ಪ, ಸೋದರಮಾವ, ಮತ್ತು ಇವರೆಲ್ಲರನ್ನೂ ಒಟ್ಟು ಹಾಕಿ ತೂಗಿದರೂ ಮೀರಿಸುವಂಥ ಒಬ್ಬ ಚಿಕ್ಕಪ್ಪ.

ನಾನು ಬಡಿಗೇರನ ಕಿವಿಯಲ್ಲಿ, “ಕುತ್ತಿಗಿ ಎಲ್ಲದ?” ಎಂದೆ.

“ಅಲ್ಲೇ ಬುಡಕದಾಗೇ ಅದ್ರಿ” ಎಂದು ಅವನು ಬೆವರು ಒರೆಸಿಕೊಂಡ. “ಏಳ್ರಿ ಅಂತ ಹೆಂಗ ಅನ್ಲಿ? ಮಾತು ಕೂಡೂ ಟೈಮ್ ಅದ.”

ಅದೂ ನಿಜವೇ. ಒಪ್ಪುವ ಹೊತ್ತಿನಲ್ಲಿ ಬೀಗರನ್ನು ಎಬ್ಬಿಸಿದರೆ ಮದುವೆಯೇ ಎದ್ದು ಹೋದೀತು. ನಾನೂ ಒಂದು ಮೂಲೆಯಲ್ಲಿ ಕೂತೆ. ಅವಲಕ್ಕಿ ಬಂತು, ಚಹಾ ಬಂತು. ಚಿಕ್ಕಪ್ಪ ಮಾತಿಗೊಮ್ಮೆ ನಗುವ ಸ್ವಭಾವದವರು. ಅವರು ನಕ್ಕಾಗಲೆಲ್ಲ ಕಲ್ಲು ಕಟ್ ಎನ್ನುತ್ತಿತ್ತು, ನನ್ನ ಎದೆಯೂ ಕಟ್ ಎನ್ನುತ್ತಿತ್ತು. ಅಲ್ಲಿ ಮುರಿಯುತ್ತಿರುವುದು ಮರದ ತುಂಡಲ್ಲ, ಚಾಚಾನ ಮಾತು ಅನ್ನಿಸಿತು. ಹುಡುಗಿಯನ್ನು ನೋಡುವುದಕ್ಕೆ ಬಂದವರೆಲ್ಲ ಹುಡುಗಿಯನ್ನು ನೋಡುತ್ತಿದ್ದರು, ನಾನೊಬ್ಬ ಚಿಕ್ಕಪ್ಪನ ಆಸನವನ್ನೇ ನೋಡುತ್ತ ಕೂತಿದ್ದೆ.

ಅಂತೂ ಅವರು ಎದ್ದು ಹೋದರು. ಇಬ್ಬರೂ ಕಲ್ಲು ಎತ್ತಿದೆವು. ಕುತ್ತಿಗೆ ಮುರಿದಿರಲಿಲ್ಲ. ಆದರೆ ಮುಂದಕ್ಕೆ ಬಾಗಿದ್ದದ್ದು ಈಗ ಹಿಂದಕ್ಕೆ ಬಾಗಿತ್ತು. ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಬಡಿಗೇರ ಮಾತ್ರ ಒಂದಿಷ್ಟೂ ಅಳುಕಲಿಲ್ಲ. “ಚಿಂತಿ ಮಾಡಬ್ಯಾಡ್ರಿ. ಬರೂ ಐತಾರ ನಿಶ್ಚಯಕ್ಕ ಅವ್ರೇ ಮಂದಿ ಮತ್ತ ಬರ್ತಾರ. ಈ ಸಲ ಉಲ್ಟಾ ಇಡ್ತೀನಿ.”

ಹಾಗೇ ಇಟ್ಟ. ಕುತ್ತಿಗೆ ದಾರ ಹಿಡಿದಂತೆ ಸೀದಾ ಆಯಿತು.

ಒಳ್ಳೆಯ ಮೋಟಾರು

ಇಂಥ ಗಿಟಾರಿನಲ್ಲಿ ತಂತಿಗಳ ಕೆಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸುರುಳಿ ಇರುತ್ತದೆ. ತಂತಿ ಮಿಡಿದರೆ ಮೊದಲು ಕೇಳಿಸಿಕೊಳ್ಳುವುದು ಅದು. ಅದರಿಂದ ಸದ್ದು ಹಿಗ್ಗಿಸುವ ಯಂತ್ರಕ್ಕೆ, ನನ್ನಲ್ಲಾದರೆ ರೇಡಿಯೋಕ್ಕೆ, ಹೋಗಬೇಕು. ಚಾಚಾನ ಗಿಟಾರಿನಲ್ಲಿ ಆ ಸುರುಳಿ ಹಸಿರುಗಟ್ಟಿ ಕಡಿದು ಹೋಗಿತ್ತು. ಸುರುಳಿ ಸುತ್ತುವವರು ಅಂದರೆ ಶಹಾಬಾದಿನ ಮೋಟಾರ್ ವೈಂಡಿಂಗ್ ಉಸ್ತಾದರು. ಕಲ್ಲಿನ ಗಣಿಗಳ ನೀರೆತ್ತುವ ಮೋಟಾರುಗಳೆಲ್ಲ ಅವರ ಕೈಯಲ್ಲೇ ಬದುಕಿದ್ದವು.

ಉಸ್ತಾದರು ಹಳೆಯ ತಂತಿಯನ್ನು ಬೆಳಕಿಗೆ ಹಿಡಿದು ನೋಡಿ ಮೂಗು ಮುರಿದರು. “ಇಷ್ಟ ಸಣ್ಣ ತಂತಿ ಯಾರ್ ಹಾಕ್ಯಾರ? ಕಂಜೂಸ್ ಕಂಪನಿ. ಇದು ಸುಡದೆ ಏನಾಗ್ತದ?”

“ಉಸ್ತಾದ್, ಹಿಂದ ಹೆಂಗಿತ್ತೋ ಹಂಗೇ ಸುತ್ತಿ ಕೊಡ್ರಿ ಸಾಕು.”

“ನೀವು ಬೇಫಿಕರ್ ಹೋಗ್ರಿ.”

ಹಿಂತಿರುಗಿ ಬಂದಾಗ ಅದು ಪೇಪರಿನಲ್ಲಿ ಸುತ್ತಿದ ಬೆಲ್ಲದ ಅಚ್ಚಿನಂತೆ ಭಾರವಾಗಿತ್ತು. ಉಸ್ತಾದರು ಪ್ರೀತಿಯಿಂದ ದಪ್ಪ ತಂತಿ ಸುತ್ತಿ, ವಾರ್ನಿಷಿನಲ್ಲಿ ಅದ್ದಿ, ಭಟ್ಟಿಯಲ್ಲಿ ಬೇಯಿಸಿದ್ದರು. “ಗಣಿ ನೀರಿನ್ಯಾಗ ಮುಳುಗ್ಸಿದ್ರೂ ಏನೂ ಆಗಂಗಿಲ್ಲ” ಎಂದರು. ಗಿಟಾರನ್ನು ಗಣಿ ನೀರಿನಲ್ಲಿ ಮುಳುಗಿಸುವ ವಿಚಾರ ನನಗೆ ಇರಲಿಲ್ಲ. ಆಮೇಲೆ ಬಂತು.

ಅಂಗಡಿಗೆ ತಂದು ಜೋಡಿಸಿ ರೇಡಿಯೋಕ್ಕೆ ಕೊಟ್ಟು, ಸದ್ಯಕ್ಕೆ ಒಂದು ಉಕ್ಕಿನ ತಂತಿ ಬಿಗಿದು ಮಿಡಿದೆ. ಧ್ವನಿ ಪೂರ್ತಿ ಏರಿಸಿದೆ. ಕಿವಿ ಹಚ್ಚಿದೆ. ಏನೂ ಇಲ್ಲ. ಸೆಂಡಾಫ್ ದಿನ ಹತ್ತಿರ ಬರುತ್ತಿತ್ತು, ಚಾಚಾ ದಿನಾ ಸೈಕಲ್ ತಳ್ಳಿಕೊಂಡು ಬಂದು ಬಾಗಿಲಲ್ಲಿ ನಿಂತು ಹೋಗುತ್ತಿದ್ದರು. ಸಿಟ್ಟಿನಲ್ಲಿ ಸಿಕ್ಕ ಗಾಡಿ ಹತ್ತಿ ಶಹಾಬಾದಿಗೆ ಓಡಿದೆ.

“ಉಸ್ತಾದ್, ಒಂದ ಚೂರೂ ಧ್ವನಿ ಬರಂಗಿಲ್ಲ.”

ಉಸ್ತಾದರ ಮುಖ ಅರಳಿತು. ಪಕ್ಕದಲ್ಲಿ ಕೂತ ಗಿರಾಕಿಯ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದರು. “ಕೇಳಿದ್ರಿಲ್ಲ? ಚಲೋ ವೈಂಡಿಂಗ್ ಅಂದ್ರ ಹಿಂಗ ಇರ್ಬೇಕು. ಧ್ವನಿನೇ ಮಾಡಬಾರ್ದು.”

ಕಲ್ಲಿದ್ದಲಿನ ಅಭಿಮಾನ

ಕೊನೆಗೆ ಸತ್ತ ರೇಡಿಯೋ ಒಂದರ ಹೊಟ್ಟೆಯಿಂದ ಸಣ್ಣ ತಂತಿ ಬಿಚ್ಚಿ, ಹೆಂಡತಿಯ ಹೊಲಿಗೆ ಮಷಿನ್ನಿನ ಬಾಬಿನ್ ಸುತ್ತುವ ಚಕ್ರಕ್ಕೆ ಜೋಡಿಸಿ ನಾವೇ ಸುತ್ತಿದೆವು. ಅವಳು ತುಳಿಯುವುದು, ನಾನು ತಂತಿ ಹಿಡಿಯುವುದು. ಉಸಿರು ಜೋರಾಗಿ ಬಿಟ್ಟರೂ ತಂತಿ ಹರಿಯುತ್ತಿತ್ತು. ಆ ಮಧ್ಯಾಹ್ನವಿಡೀ ನಾವಿಬ್ಬರೂ ಮಾತಾಡಲಿಲ್ಲ. ಮದುವೆಯಾದ ಮೇಲೆ ಅಷ್ಟು ಹೊತ್ತು ಜಗಳವಿಲ್ಲದೆ ಕೂತದ್ದು ಅದೇ ಮೊದಲು.

ಇನ್ನು ಬಣ್ಣ. ಚಾಚಾ ಖಡಾಖಂಡಿತವಾಗಿ ಹೇಳಿದ್ದರು. “ಕರಿ ಬಣ್ಣ, ಇಂಜಿನ್ ಕರಿ. ಬ್ಯಾರೆ ಏನೂ ಬ್ಯಾಡ.” ಊರಲ್ಲಿ ಹೊಳೆಯುವ ಬಣ್ಣ ಹಚ್ಚುವವನೆಂದರೆ ಕಲ್ಲಿನ ಲಾರಿಗಳಿಗೆ ಹಚ್ಚುವ ಪೇಂಟರ್ ಒಬ್ಬನೇ. ಅವನಿಗೂ ಬಿಡಿಸಿ ಹೇಳಿದೆ. “ಕರಿ ಬಣ್ಣ, ಅಷ್ಟೇ.” ಅವನು “ಅಷ್ಟೇ” ಎಂದ.

ಒಯ್ಯಲು ಹೋದಾಗ ಚಾಚಾನೂ ಜೊತೆಗಿದ್ದರು. ಮುಂದಿನ ಭಾಗ ಕನ್ನಡಿಯ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಚಾಚಾ ಖುಷಿಯಾಗಿ ತಿರುಗಿಸಿದರು. ಹಿಂದೆ ಒಂದು ಕಮಲ, ಎರಡು ಗಿಳಿ, ಅವುಗಳ ಕೆಳಗೆ ‘ಸಾವಕಾಶ ಹೋಗಿರಿ’, ಅದರ ಕೆಳಗೆ ‘ಹಾರ್ನ್ ಹೊಡೆಯಿರಿ’.

“ಯಾರ್ ಹೇಳಿದ್ರು ನಿನಗ ಇದನ್ನ ಬರಿಲಿಕ್ಕ?” ಎಂದೆ.

“ಹೇಳೂದೇನ್ರಿ? ಹಿಂದಿನ ಕಡಿ ಖಾಲಿ ಬಿಟ್ರ ನನ್ನ ಹೆಸರಿಗಿ ಕೆಟ್ಟ ಅಲ್ಲೇನ್ರಿ” ಎಂದ ಪೇಂಟರ್.

ಚಾಚಾ ಅದನ್ನೆಲ್ಲ ಸಹಿಸಿಕೊಂಡರು. ಹಿಂಭಾಗ ಹೇಗೂ ಹೊಟ್ಟೆಗೆ ಒತ್ತಿಕೊಂಡಿರುತ್ತದೆ, ಯಾರಿಗೂ ಕಾಣುವುದಿಲ್ಲ ಎಂದರು. ಆಮೇಲೆ ಅವರ ಕಣ್ಣು ಗಿಟಾರಿನ ಬದಿಗೆ, ವೈರು ಚುಚ್ಚುವ ತೂತಿನ ಮೇಲೆ ಬಿತ್ತು. ಲಾರಿಗಳ ಟ್ಯಾಂಕಿನ ಮೇಲೆ ಬರೆಯುವ ಹಾಗೆ ತೂತಿನ ಪಕ್ಕ ಹಳದಿ ಅಕ್ಷರದಲ್ಲಿ ‘ಡೀಸೆಲ್’ ಎಂದು ಬರೆದಿತ್ತು.

ಚಾಚಾ ಪೇಂಟರನ ಕಡೆ ತಿರುಗಿದರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

“ಜೀವಮಾನ ಇಡೀ ಉಗಿ ಇಂಜಿನ್ ಓಡಿಸೀನಿ ನಾ. ಮೊದಲ ಅದನ್ನ ಒರಸು. ಕಲ್ಲಿದ್ಲಿ ಅಂತ ಬರಿ.”

ಎರಡು ಸೆಟ್ಟು

ಗಿಟಾರಿನ ತಂತಿ ವಾಡಿಯಲ್ಲೂ ಇಲ್ಲ, ಕಲಬುರ್ಗಿಯಲ್ಲೂ ಸಿಗಲಿಲ್ಲ. ಸಿಕಂದರಾಬಾದಿನಿಂದಲೇ ತರಿಸಬೇಕು. ಚಾಚಾನನ್ನು ರಿಟೈರಾಗುವ ಮುಂಚಿನ ದಿನಗಳೆಂದು ಯಾರ್ಡಿನೊಳಗೇ ವ್ಯಾಗನ್ನು ಸರಿಸುವ ಇಂಜಿನ್ನಿಗೆ ಹಾಕಿದ್ದರು. ಸಿಕಂದರಾಬಾದಿನ ಕಡೆ ಹೋಗುವವರಲ್ಲಿ ನನಗೆ ಗುರುತಿದ್ದವರು ಒಬ್ಬರೇ. ಅವರೇ ಗಾರ್ಡ್ ಕಾಕಾ.

ಎರಡು ದಿನ ಯೋಚಿಸಿದೆ. ಬಲಿಯ ಕುರಿಗೇ ಕತ್ತಿ ತರಲು ಹೇಳುವುದು ಹೇಗೆ? ಬೇರೆ ದಾರಿ ಇರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಹಿಡಿದೆ.

“ಕಾಕಾ, ಒಂದ್ ಸಾಮಾನ ತರಬೇಕಾಗಿತ್ತು.”

“ಏನದು?”

“ಗಿಟಾರಿನ ತಂತಿ.”

ಕಾಕಾ ಜೇಬಿನಿಂದ ಹಣಿಗೆ ತೆಗೆದರು. ಎಡ ಮೀಸೆ ಬಾಚಿದರು. ಬಲ ಮೀಸೆ ಬಾಚಿದರು. ಹಣಿಗೆ ಒಳಗಿಟ್ಟರು. “ಆ ಅಂಗಡಿ ಎಲ್ಲದ?” ಎಂದಷ್ಟೇ ಕೇಳಿದರು.

ಅವರು ವಾಪಸ್ಸು ಬರುವ ಗಾಡಿ ತಡವಾಯಿತು. ಆಮೇಲೆ ಇನ್ನೂ ತಡವಾಯಿತು. ತರುವುದಿಲ್ಲ ಅಂತ ಒಂದು ಮನಸ್ಸು, ತಂದರೂ ತುಕ್ಕು ಹಿಡಿದದ್ದು ತರುತ್ತಾರೆ ಅಂತ ಇನ್ನೊಂದು. ನನ್ನ ಸಣ್ಣತನ ಅಷ್ಟಕ್ಕೆಲ್ಲ ಮುಟ್ಟಿತ್ತು. ಕೊನೆಗೆ ಬಂದವರೇ ಪೊಟ್ಟಣವನ್ನು ನನ್ನ ಮೇಜಿನ ಮೇಲೆ ಎಸೆದರು. ಒಂದೊಂದೇ ಬಿಚ್ಚಿ ನೋಡಿದೆ. ಹೊಸದು, ಹೊಳೆಯುವಂಥದ್ದು, ಅದೂ ಒಂದಲ್ಲ, ಎರಡು ಸೆಟ್ಟು.

“ಎರಡ ಯಾಕ ಕಾಕಾ?”

“ಒಂದ ಹರದ್ರ?” ಕಾಕಾ ಗುಡುಗಿದರು. “ತಂತಿ ಹರದು ನಾ ಗೆದ್ದೆ ಅಂದ್ರ ಈ ಮೀಸಿ ಹೊತ್ತು ಊರಾಗ ಹೆಂಗ ತಿರಗಲಿ? ಮತ್ತ ಕೇಳಿಲ್ಲಿ, ನಾ ತಂದೀನಂತ ಭಾಯಿ ಮುಂದ ಬಾಯಿ ಬಿಟ್ಟಿ ಅಂದ್ರ ನಿನ್ನ ಮೀಸಿ ನಾ ಕೀಳ್ತೀನಿ.”

ನನಗೆ ಆಗ ಮೀಸೆ ಇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಜೀವ ಬಂತು

ಇಂಜಿನ್ನಿನ ಹಿಡಿಕೆ ಎಳೆದು ಎಳೆದು ಚಾಚಾನ ಬೆರಳುಗಳು ದಪ್ಪಗಾಗಿದ್ದವು. ಗಿಟಾರಿನಲ್ಲಿ ಸದ್ದು ಏರಿಸುವ ಸಣ್ಣ ಗುಂಡಿ ಅವರ ಕೈಗೆ ಹತ್ತುತ್ತಿರಲಿಲ್ಲ. ಅದನ್ನು ಕಿತ್ತು ಫ್ಯಾನಿನ ರೆಗ್ಯುಲೇಟರಿನ ದೊಡ್ಡ ಗುಂಡಿ ಕೂಡಿಸಿದೆ. ಸ್ವಿಚ್ಚಿನ ಜಾಗಕ್ಕೆ ಮನೆಯ ಗೋಡೆಗೆ ಹಾಕುವ ದೀಪದ ಸ್ವಿಚ್ಚು ಹಾಕಿದೆ. ಸದ್ದು ದೊಡ್ಡದು ಮಾಡುವುದಕ್ಕೆ ಬೇರೆ ಯಂತ್ರ ಎಲ್ಲಿಂದ ತರಲಿ? ನನ್ನ ಹಳೆಯ ವಾಲ್ವ್ ರೇಡಿಯೋವನ್ನೇ ಇಟ್ಟುಕೊಂಡೆ.

ಆ ಕಾಲದ ಕೆಲವು ರೇಡಿಯೋಗಳಲ್ಲಿ ಒಂದು ಕೆಟ್ಟ ಗುಣವಿತ್ತು. ಪ್ಲಗ್ಗು ಉಲ್ಟಾ ಚುಚ್ಚಿದರೆ ಒಳಗಿನ ತಗಡಿಗೂ ಅದಕ್ಕೆ ಜೋಡಿಸಿದ ವೈರಿಗೂ ಕರೆಂಟು ಬರುತ್ತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದಿನ ಗಡಿಬಿಡಿಯಲ್ಲಿ ಉಲ್ಟಾ ಚುಚ್ಚಿದೆ. ಚಾಚಾ ಬಿಸ್ಮಿಲ್ಲಾ ಎಂದು ತಂತಿ ಮುಟ್ಟಿದರು. ಮುಟ್ಟಿದವರು ಬಿಡಲಿಲ್ಲ. ಬಾಯಿ ತೆರೆದಿತ್ತು, ಮಾತು ಬರುತ್ತಿರಲಿಲ್ಲ. ಕಾಲು ಕುಣಿಯುತ್ತಿತ್ತು. ನನಗೆ ಕೈಕಾಲೇ ಆಡಲಿಲ್ಲ.

ಪಕ್ಕದ ಕಟಿಂಗ್ ಅಂಗಡಿಯಿಂದ ಗಾರ್ಡ್ ಕಾಕಾ ಒಂದೇ ನೆಗೆತಕ್ಕೆ ಬಂದರು. ಅರ್ಧ ಗಲ್ಲಕ್ಕೆ ಸಾಬೂನಿನ ನೊರೆ, ಕೊರಳಿಗೆ ಟವೆಲ್. ಸುತ್ತಿ ಹಿಡಿದಿದ್ದ ಬಾವುಟದ ಮರದ ಕೋಲಿನಿಂದ ಪ್ಲಗ್ಗಿನ ವೈರನ್ನು ಹೊಡೆದು ಕಿತ್ತರು. ಚಾಚಾ ಬೆಂಚಿನ ಮೇಲೆ ಕುಸಿದು ಕೂತರು. ಕಾಕಾ ಅವರ ಎರಡೂ ರಟ್ಟೆ ಹಿಡಿದು ಅಲುಗಾಡಿಸಿದರು. ಕಣ್ಣಲ್ಲಿ ನೀರು ತುಂಬಿತ್ತು. ಪಣ ಆದ ಮೇಲೆ ಇಬ್ಬರೂ ಮಾತು ಬಿಟ್ಟಿದ್ದರು, ಇದೇ ಮೊದಲ ಮಾತು.

“ಏ ಭಾಯಿ, ಕಣ್ಣ ತೆಗಿ. ನೀ ಸತ್ರ ಊರ ಮಂದಿ ಮೀಸಿ ಸಲುವಾಗಿ ನಾನೇ ಕೊಂದೀನಿ ಅಂತಾರ.”

ಚಾಚಾ ಮೆಲ್ಲಗೆ ಕಣ್ಣು ಬಿಟ್ಟು ನನ್ನ ಕಡೆ ನೋಡಿದರು. “ಚಲೋ ರಿಪೇರಿ ಮಾಡೀಯಪ್ಪ. ಜೀವ ಬಂದದ ಇದಕ್ಕ.”

ಹಸಿರು

ಆಮೇಲೆ ನಾನು ರೇಡಿಯೋಕ್ಕೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಹಾಕಿದೆ, ಇನ್ನು ಶಾಕ್ ಹೊಡೆಯುವ ಮಾತಿಲ್ಲ. ಆದರೆ ಒಂದು ಹುಳು ಮಾತ್ರ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಚಾಚಾ ಒಂದು ದಿನವೂ ನನ್ನ ಮುಂದೆ ಬಾರಿಸಿರಲಿಲ್ಲ. ಒಂದೊಂದು ತಂತಿ ಟಂಯ್ ಎನಿಸಿ, “ಬರೋಬರ್ ಅದ” ಎಂದು ಇಟ್ಟುಬಿಡುತ್ತಿದ್ದರು. ಬಾರಿಸಲು ಬರದಿದ್ದರೆ? ಕಾಕಾ ಹೇಳಿದ್ದೇ ಖರೆ ಆದರೆ?

ರೈಲ್ವೆ ಇನ್‌ಸ್ಟಿಟ್ಯೂಟಿನ ಹಾಲ್ ತುಂಬಿತ್ತು. ದೊಡ್ಡ ಸಾಹೇಬರು ಭಾಷಣ ಮಾಡಿದರು, ಹಾರ ಹಾಕಿದರು, ಗಡಿಯಾರ ಕೊಟ್ಟರು. ಚಾಚಾ ಗಿಟಾರು ಎತ್ತಿಕೊಂಡು ಕುರ್ಚಿಯ ಮೇಲೆ ಕೂತರು. ಗಿಳಿ ಕಮಲಗಳು ಹೊಟ್ಟೆಗೆ ಒತ್ತಿಕೊಂಡವು. ನಾನು ರೇಡಿಯೋ ಹಚ್ಚಿದೆ. ವಾಲ್ವುಗಳು ಕೆಂಪಗಾದವು, ಗುಂಯ್ ಎಂದು ಸದ್ದು ಬಂತು. ಎಲ್ಲ ಸರಿ ಇತ್ತು. ಚಾಚಾ ತಂತಿಗಳ ಮೇಲ್ಗಡೆ ಕೈ ತಂದು ಅಲ್ಲೇ ನಿಲ್ಲಿಸಿಬಿಟ್ಟರು.

ಕಾದೆವು. ಕೈ ಇಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಯಾರೋ ಕಿಸಕ್ಕೆಂದರು. ಶಾಕಿನ ಹೆದರಿಕೆ ಇರಬೇಕೆಂದು ನಾನು ಬಗ್ಗಿ, “ಚಾಚಾ, ಕರೆಂಟ್ ಹೊಡೆಯಂಗಿಲ್ಲ” ಎಂದೆ. ಕೇಳಿಸಿದಂತೆ ಕಾಣಲಿಲ್ಲ. ವೈರು ನೋಡಿದೆ, ಪ್ಲಗ್ಗು ನೋಡಿದೆ, ಮತ್ತೆ ವೈರು ನೋಡಿದೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಮೈಕಿನ ಸ್ಟ್ಯಾಂಡನ್ನು ಚಾಚಾನ ಬಾಯಿಯ ಹತ್ತಿರ ಸರಿಸಿದ. “ಹೇಳಿದ್ದೆಲ್ಲ ಸುಳ್ಳಂತ ಹೇಳಿಬಿಡ್ರಿ” ಅನ್ನುವ ಹಾಗೆ. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಅವರ ಮುಖ ನೋಡಲಾಗದೆ, ಅವರು ಎಲ್ಲಿ ನೋಡುತ್ತಿದ್ದಾರೋ ಅತ್ತ ನೋಡಿದೆ.

ಅವರು ಹಾಲಿನ ಕಟ್ಟಕಡೆಗೆ ನೋಡುತ್ತಿದ್ದರು. ಬಾಗಿಲ ಬಳಿ ಗಾರ್ಡ್ ಕಾಕಾ ಕೂತಿದ್ದರು, ಆಗಷ್ಟೇ ಡ್ಯೂಟಿಯಿಂದ ಇಳಿದು ಬಂದವರು, ಕೊರಳಲ್ಲಿ ಸೀಟಿ, ಕಂಕುಳಲ್ಲಿ ಸುತ್ತಿದ ಎರಡು ಬಾವುಟ.

ಆಗ ನನಗೆ ತಿಳಿಯಿತು. ಹಿಂದಿನಿಂದ ಅಪ್ಪಣೆಯಾಗದೆ ಚಾಚಾ ಯಾವತ್ತೂ ಏನನ್ನೂ ಹೊರಡಿಸಿದವರಲ್ಲ. ಕೈಗೆ ಅದು ಬರುವುದೇ ಇಲ್ಲ. ಮತ್ತು ಇದು ನನಗಿಂತ ಮೊದಲೇ ಕಾಕಾಗೆ ತಿಳಿದಿತ್ತು. ಅವರು ಏನೂ ಮಾಡಬೇಕಿರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕು, ಮೀಸೆ ಉಳಿಯುತ್ತಿತ್ತು.

ಕಾಕಾ ಹಣಿಗೆ ತೆಗೆದರು. ಎಡ ಮೀಸೆ ಬಾಚಿದರು. ಬಲ ಮೀಸೆ ಬಾಚಿದರು. ಹಣಿಗೆ ಒಳಗಿಟ್ಟು ಎದ್ದು ನಿಂತರು. ಹಾಲ್ ನಡುಗುವ ಹಾಗೆ ಸೀಟಿ ಊದಿ ಹಸಿರು ಬಾವುಟ ಬಿಚ್ಚಿ ಬೀಸಿದರು.

ಚಾಚಾ ಮೊದಲು ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದರು, ಆಮೇಲೆ ತಂತಿ ಮುಟ್ಟಿದರು. ಅದೊಂದು ಪರದೇಶದ ಹಾಡು, ಮೆಲ್ಲಗೆ ಶುರುವಾಗಿ ಏರು ಹತ್ತುವ ಗಾಡಿಯಂತೆ ಬಿರುಸಾಗುವಂಥದ್ದು. ಆ ದಪ್ಪ ಬೆರಳುಗಳಿಂದ ಅಷ್ಟು ಮೆತ್ತಗಿನ ನಾದ ಬಂದದ್ದು ಕೇಳಿ ನಾನು ಅತ್ತೆ. ಗಿಟಾರು ಕೇಳಲೆಂದೇ ಬಂದು ನನ್ನ ಪಕ್ಕದಲ್ಲಿ ಕೂತಿದ್ದ ಬಡಿಗೇರನೂ ಅತ್ತ. ಅವನಿಗೆ ಕುತ್ತಿಗೆಯ ನೆನಪಾಗಿರಬೇಕು.

ಹಾಡು ಮುಗಿಯಿತು, ಚಪ್ಪಾಳೆ ಬಿತ್ತು. ಚಾಚಾ ಅದನ್ನೇ ಇನ್ನೊಮ್ಮೆ ಬಾರಿಸಿದರು. ಮತ್ತೊಮ್ಮೆ ಬಾರಿಸಿದರು. ದೊಡ್ಡ ಸಾಹೇಬರು ಗಾಡಿ ಹಿಡಿಯಬೇಕಿತ್ತು, ಊಟದ ಎಲೆ ಹಾಕಿ ಆಗಿತ್ತು, ಗಿಟಾರು ನಿಲ್ಲಲೊಲ್ಲದು. ನಾನು ಹಿಂದಕ್ಕೆ ಓಡಿ, “ಕಾಕಾ, ಕೆಂಪು ತೋರಸ್ರಿ” ಎಂದೆ. ಕಾಕಾ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು.

“ಗಪ್ಪ ಕುಂದ್ರು. ಮೀಸಿ ಕೊಟ್ಟು ಕೇಳ್ಲಿಕತ್ತೀನಿ.”

ಅವರಿಗೆ ಸಾಕೆನಿಸಿದ ಮೇಲೇ ಕೆಂಪು ತೋರಿಸಿದ್ದು. ಚಾಚಾ ಇದ್ದಲ್ಲೇ, ಅರ್ಧ ಹಾಡಿಗೇ ನಿಲ್ಲಿಸಿದರು. ಬೇರೆ ಹಾಡು ಯಾಕೆ ಬಾರಿಸಲಿಲ್ಲ ಎಂದು ಆಮೇಲೆ ಕೇಳಿದೆ.

“ಎರಡನೇದು ಕಲಸೂದ್ರಾಗ ಸಾಹೇಬ್ರು ಊರ ಬಿಟ್ಟು ಹೋದ್ರಲ್ಲಪ್ಪ.”

ಕೆಂಪು

ಮರುದಿನ ಬೆಳಿಗ್ಗೆ ನಾನು ಅಂಗಡಿ ತೆಗೆಯುವ ಮೊದಲೇ ಗಾರ್ಡ್ ಕಾಕಾ ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ಕೂತಿದ್ದರು. ಬಾವುಟಗಳು ಪಕ್ಕದ ಬೆಂಚಿನ ಮೇಲಿದ್ದವು. ಹೊರಗೆ ಜನ ಸೇರಿದ್ದರು, ಯಾರೂ ನಗುತ್ತಿರಲಿಲ್ಲ. ಕಟಿಂಗಿನವನು ಕತ್ತಿ ಮಸೆಯುತ್ತಲೇ ಇದ್ದ. “ಕಾಕಾ, ಖರೇನೇ ತೆಗೀಲ್ರಿ?” ಎಂದು ಅವನು ಮತ್ತೆ ಮತ್ತೆ ಕೇಳಿದ.

“ಭಾಯಿ ಬರಲಿ. ಅವನೆದುರಿಗೇ ತೆಗಿ.”

ಕಾದರು. ಚಾಚಾ ಬರಲಿಲ್ಲ. ಡ್ಯೂಟಿಯ ಹೊತ್ತಾಗುತ್ತ ಬಂತು. ಕಾಕಾ ರಸ್ತೆಯ ಕಡೆ ಇನ್ನೊಮ್ಮೆ ನೋಡಿ, ಜೇಬಿನಿಂದ ಆ ಸಣ್ಣ ಹಣಿಗೆ ತೆಗೆದು ಕಟಿಂಗಿನವನಿಗೇ ಕೊಟ್ಟುಬಿಟ್ಟರು. “ಇನ್ನ ಇದರ ಕೆಲಸ ಇಲ್ಲ. ಹಚ್ಚು ಕತ್ತಿ” ಎಂದು ಕಣ್ಣು ಮುಚ್ಚಿದರು.

ಎಡಗಡೆಯದು ಹೋಯಿತು. ಕತ್ತಿ ಬಲಗಡೆಗೆ ಬಂತು. ಅಷ್ಟರಲ್ಲಿ ಜನರನ್ನು ತಳ್ಳಿಕೊಂಡು ಚಾಚಾ ಒಳಗೆ ನುಗ್ಗಿದರು, ಸೈಕಲ್ ಬಿಟ್ಟು ಓಡಿ ಬಂದು ಏದುಸಿರು ಬಿಡುತ್ತ. ಬೆಂಚಿನ ಮೇಲಿದ್ದ ಕೆಂಪು ಬಾವುಟ ಎತ್ತಿ ಕಟಿಂಗಿನವನ ಮುಖದೆದುರು ಬಿಚ್ಚಿ ಹಿಡಿದರು.

“ನಿಂದ್ರಸು. ನನಗ ಯಾವ ಮೀಸಿನೂ ಬ್ಯಾಡ. ಪಣ ಕ್ಯಾನ್ಸಲ್.”

ಕತ್ತಿ ನಿಂತಿತು. ಕಾಕಾ ಕಣ್ಣು ತೆರೆದು ಕನ್ನಡಿ ನೋಡಿದರು. ಕನ್ನಡಿಯಲ್ಲಿ ಅರ್ಧ ಮೀಸೆ, ಅದರ ಪಕ್ಕ ಕೆಂಪು ಬಾವುಟ, ಅದರ ಹಿಂದೆ ಚಾಚಾ. ಉಳಿದರ್ಧವನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು.

“ಭಾಯಿ” ಎಂದರು ಕಾಕಾ ಕೊನೆಗೆ, “ನಿನ್ನ ಗಾಡಿ ಒಂದ ದಿನರ ಟೈಮಿಗಿ ಬಂದದೇನು?”

ಚಾಚಾ ಬಾವುಟ ಕೆಳಗಿಳಿಸಿದರು.

“ಏನ್ ಮಾಡ್ಲಿ ಗೌಡಾ, ಮುಂಜಾನಿ ಎದ್ದವನೇ ಮನಿ ಮುಂದ ಸೈಕಲ್ ಹಿಡಕೊಂಡು ನಿಂತೇ ಇದ್ದೆ. ಹಿಂದ ಯಾರೂ ನಡಿ ಅನ್ನಲಿಲ್ಲ.”